ಇಂಗುವ ನೀರಿನ ಲೆಕ್ಕ: ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಒಂದು ಪ್ರಾಜೆಕ್ಟ್ ಸಿದ್ಧವಾಗುವ ಬಗೆ

ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಪ್ರಾಜೆಕ್ಟ್ ಮಾಡೋಣ ಅಂದ ಕೂಡಲೇ ತರಗತಿಯಿಂದ ಬರುವ ಮೊದಲ ಪ್ರಶ್ನೆ, ‘ಯಾವ ಮಾಡೆಲ್ ಮಾಡೋದು ಸರ್?’ ವಸ್ತುಪ್ರದರ್ಶನಗಳಿಂದ ಬಂದ ರೂಢಿ ಅದು. ಥರ್ಮೋಕೋಲಿನ ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಪುಟ್ಟ ಮನೆ, ಗುಂಡಿ ಒತ್ತಿದರೆ ಉರಿಯುವ ದೀಪ. ಸಮಾವೇಶದಲ್ಲಿ ಇವುಗಳಿಗೆ ಅಂಕವಿಲ್ಲ. ನಿಮ್ಮೂರಿನ ಯಾವುದಾದರೊಂದು ಸಂಗತಿಯ ಬಗ್ಗೆ ನೀವೇ ಏನು ಕೇಳಿಕೊಂಡಿರಿ, ಹೇಗೆ ಅಳೆದಿರಿ, ಏನು ಕಂಡಿತು ಎಂಬುದಷ್ಟೇ ಅಲ್ಲಿ ಲೆಕ್ಕಕ್ಕೆ ಬರುವುದು. ಇದು ಮಾರ್ಗದರ್ಶಿ ಶಿಕ್ಷಕರ ತಲೆಗೆ ಹೊಕ್ಕರೆ ಅರ್ಧ ಕೆಲಸ ಮುಗಿದಂತೆ.

ಗ್ವಾಲಿಯರ್‌ನಲ್ಲಿ ಸಣ್ಣದಾಗಿ ಶುರುವಾದ ಈ ಚಟುವಟಿಕೆ 1993ರಿಂದ ರಾಷ್ಟ್ರಮಟ್ಟದಲ್ಲಿ ನಡೆಯತೊಡಗಿತು. ಹಿಂದೆ ನಿಂತದ್ದು ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ. ನಮ್ಮ ರಾಜ್ಯದಲ್ಲಿ ಇದನ್ನು ನಡೆಸಿಕೊಂಡು ಬಂದಿರುವುದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಹತ್ತರಿಂದ ಹದಿನೇಳರ ವಯಸ್ಸಿನ ಮಕ್ಕಳು ಭಾಗವಹಿಸಬಹುದು. ಹದಿನಾಲ್ಕರ ಒಳಗಿನವರು ಕಿರಿಯರ ವಿಭಾಗಕ್ಕೆ, ಮೇಲಿನವರು ಹಿರಿಯರ ವಿಭಾಗಕ್ಕೆ ಸೇರುತ್ತಾರೆ. ವಯಸ್ಸಿನ ಲೆಕ್ಕ ಆ ವರ್ಷದ ಡಿಸೆಂಬರ್ 31ಕ್ಕೆ. ಮೊದಲು ಐದು ಮಕ್ಕಳ ತಂಡ ಇರುತ್ತಿತ್ತು, ಆಮೇಲೆ ಅದು ಇಬ್ಬರಿಗೆ ಇಳಿಯಿತು. ಐವರಿದ್ದಾಗ ಇಬ್ಬರು ದುಡಿದು ಮೂವರು ಫೋಟೋಗೆ ನಿಲ್ಲುವುದೂ ಇತ್ತು, ಹಾಗಾಗಿ ಈ ಬದಲಾವಣೆ ಒಳ್ಳೆಯದೇ. ಜಿಲ್ಲೆಯಲ್ಲಿ ಆಯ್ಕೆಯಾದವರು ರಾಜ್ಯಕ್ಕೆ, ಅಲ್ಲಿಂದ ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ. ಹಲವು ವರ್ಷ ರಾಷ್ಟ್ರೀಯ ಸಮಾವೇಶ ನಡೆದದ್ದು ಡಿಸೆಂಬರ್ ಕೊನೆಯ ವಾರದಲ್ಲಿ. ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ. ಆದ್ದರಿಂದ ಆಯಾ ವರ್ಷದ ಕೈಪಿಡಿ ಕೈಗೆ ಬರುವ ತನಕ ತಂಡದ ಹೆಸರು ಅಂತಿಮ ಮಾಡಬೇಡಿ.

ಪ್ರತಿ ಎರಡು ವರ್ಷಕ್ಕೆ ಒಂದು ಮುಖ್ಯ ವಿಷಯ, ಅದರಡಿ ಕೆಲವು ಉಪವಿಷಯಗಳು ಇರುತ್ತವೆ. ಶಕ್ತಿ, ಹವಾಮಾನ, ಭೂ ಸಂಪನ್ಮೂಲ ಇವೆಲ್ಲ ಹಿಂದೆ ಬಂದು ಹೋದ ಮುಖ್ಯ ವಿಷಯಗಳು. ಆರೋಗ್ಯ ಮತ್ತು ಕ್ಷೇಮಕ್ಕಾಗಿ ಪರಿಸರ ವ್ಯವಸ್ಥೆಯನ್ನು ಅರಿಯುವುದು ಎಂಬ ವಿಷಯವೂ ಇತ್ತು. ಉಪವಿಷಯವನ್ನು ಎದುರಿಗಿಟ್ಟುಕೊಂಡು ಪ್ರಾಜೆಕ್ಟ್ ಹುಡುಕಲು ಹೊರಟರೆ ‘ನಮ್ಮೂರಿನ ಜಲಮಾಲಿನ್ಯ’, ‘ಪ್ಲಾಸ್ಟಿಕ್‌ನ ದುಷ್ಪರಿಣಾಮ’ ಇಂಥ ಪ್ರಬಂಧದ ತಲೆಬರಹಗಳೇ ಸಿಗುತ್ತವೆ. ಊರನ್ನು ಎದುರಿಗಿಟ್ಟುಕೊಂಡು ಹುಡುಕುವುದೇ ಸರಿ. ಮಕ್ಕಳನ್ನು ಒಂದು ಸುತ್ತು ಹೊರಗೆ ಕರೆದುಕೊಂಡು ಹೋಗಿ ‘ಯಾಕೆ ಹೀಗೆ’ ಅನ್ನಿಸಿದ್ದನ್ನೆಲ್ಲ ಬರೆಯಲು ಹೇಳಿ. ಒಳ್ಳೆಯ ಪ್ರಶ್ನೆ ಆ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಉಪವಿಷಯಕ್ಕೆ ಹೊಂದಿಸುವುದು ಆಮೇಲಿನ ಕೆಲಸ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಅಂಥದ್ದೇ ಒಂದು ಪ್ರಶ್ನೆ. ಮಳೆ ನಿಂತ ಮೇಲೆ ಶಾಲೆಯ ಮೈದಾನದಲ್ಲಿ ನೀರು ಗಂಟೆಗಟ್ಟಲೆ ನಿಂತಿರುತ್ತದೆ, ಹತ್ತು ಹೆಜ್ಜೆ ಆಚೆ ಹೊಂಗೆ ಮರದ ಬುಡದಲ್ಲಿ ಆಗಲೇ ಇಂಗಿರುತ್ತದೆ. ಯಾಕೆ? ಈ ಪ್ರಶ್ನೆಯನ್ನು ಹೀಗೇ ಬಿಟ್ಟರೆ ಅಳೆಯಲು ಬರುವುದಿಲ್ಲ. ಅದನ್ನು ಬಿಗಿ ಮಾಡಬೇಕು: ‘ಮೈದಾನ, ಹೊಂಗೆ ಮರದಡಿ, ಉತ್ತ ರಾಗಿ ಹೊಲ, ದನ ಓಡಾಡುವ ದಾರಿ, ಈ ನಾಲ್ಕು ಕಡೆ 25 ಮಿಲಿಮೀಟರ್ ನೀರು ಇಂಗಲು ಎಷ್ಟು ನಿಮಿಷ ಬೇಕು?’ ಇಷ್ಟು ಬಿಗಿಯಾದ ಮೇಲೆ ಏನು ತರಬೇಕು, ಎಲ್ಲಿಗೆ ಹೋಗಬೇಕು, ಯಾವ ಕೋಷ್ಟಕ ಹಾಕಬೇಕು ಎಂಬುದು ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ. ಪ್ರಶ್ನೆಯಲ್ಲಿ ಒಂದು ಅಳತೆ, ಒಂದು ಹೋಲಿಕೆ, ಒಂದು ಜಾಗ ಇವೆಯೇ ಎಂದು ನೋಡಿಕೊಂಡರೆ ಸಾಕು.

ಉಪಕರಣ ಎಂದರೆ ಮುಖ್ಯವಾಗಿ ಒಂದು ಪೈಪಿನ ಬಳೆ. ಆರು ಇಂಚಿನ ಪಿವಿಸಿ ಪೈಪಿನಲ್ಲಿ 13 ಸೆಂಟಿಮೀಟರ್ ಉದ್ದದ ತುಂಡು ಕತ್ತರಿಸಿಕೊಳ್ಳಿ. ಬೋರ್‌ವೆಲ್ ಕೆಲಸದವರ ಬಳಿ ಉಳಿದ ತುಂಡುಗಳು ಸಿಗುತ್ತವೆ. ಒಂದು ಅಂಚನ್ನು ಹೊರಗಡೆಯಿಂದ ಅರದಲ್ಲಿ ಉಜ್ಜಿ ಚೂಪು ಮಾಡಿ. ಒಳಗಡೆಯಿಂದ ಉಜ್ಜಿದರೆ ಬಳೆ ಇಳಿಯುವಾಗ ಒಳಗಿನ ಮಣ್ಣನ್ನೇ ಒತ್ತಿ ಗಟ್ಟಿ ಮಾಡುತ್ತದೆ, ಆಗ ಅಳೆಯುವ ಮಣ್ಣೇ ಬದಲಾಗಿಬಿಡುತ್ತದೆ. ಚೂಪಾದ ಅಂಚಿನಿಂದ 7.5 ಸೆಂಟಿಮೀಟರ್ ಮೇಲೆ ಹೊರಸುತ್ತಿಗೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆಯಿರಿ. ಬಳೆ ಅಲ್ಲಿಯವರೆಗೆ ಮಣ್ಣಿನೊಳಗೆ ಇಳಿಯಬೇಕು.

ನೀರಿನ ಪ್ರಮಾಣದಲ್ಲಿ ಹೆಚ್ಚಿನ ತಂಡಗಳು ಎಡವುತ್ತವೆ. ಬಳೆಯ ಒಳವ್ಯಾಸ ಸರಿಯಾಗಿ 15 ಸೆಂಟಿಮೀಟರ್ ಆದರೆ ವಿಸ್ತೀರ್ಣ 177 ಚದರ ಸೆಂಟಿಮೀಟರ್. ಅದರ ಮೇಲೆ 2.5 ಸೆಂಟಿಮೀಟರ್ ಎತ್ತರಕ್ಕೆ ನೀರು ನಿಲ್ಲಲು ಬೇಕಾದದ್ದು 442 ಮಿಲಿಲೀಟರ್. ಆದರೆ ‘ಆರು ಇಂಚು’ ಎನ್ನುವುದು ಅಂಗಡಿಯ ಲೆಕ್ಕ. ಪೈಪಿನ ದಪ್ಪಕ್ಕೆ ತಕ್ಕಂತೆ ಒಳವ್ಯಾಸ ಬದಲಾಗುತ್ತದೆ. ಅದು 15.4 ಇದ್ದರೆ 466 ಮಿಲಿಲೀಟರ್ ಬೇಕಾಗುತ್ತದೆ. ಆದ್ದರಿಂದ ಸ್ಕೇಲಿಟ್ಟು ಮೂರು ದಿಕ್ಕಿನಿಂದ ಒಳವ್ಯಾಸ ಅಳೆದು ಮಕ್ಕಳೇ ಲೆಕ್ಕ ಹಾಕಲಿ. ಪೈ ಆರ್ ಸ್ಕ್ವೇರ್ ಉಪಯೋಗಕ್ಕೆ ಬಂತು ಎಂದು ಅವರ ಮುಖ ಅರಳುವುದು ಇಲ್ಲೇ. ಲೆಕ್ಕದ ಪ್ರಮಾಣವನ್ನು ಪ್ರಯೋಗಾಲಯದ ಅಳತೆ ಜಾಡಿಯಲ್ಲಿ ಅಳೆದು ಬಾಟಲಿಗೆ ಹಾಕಿ ಗುರುತು ಮಾಡಿಕೊಂಡರೆ ಹೊಲಕ್ಕೆ ಗಾಜಿನ ಜಾಡಿ ಹೊರುವುದು ತಪ್ಪುತ್ತದೆ.

ಇನ್ನು ಬೇಕಾದವು: ಬಳೆಯ ಮೇಲಿಟ್ಟು ಬಡಿಯಲು ಒಂದು ಮರದ ಹಲಗೆ, ಸುತ್ತಿಗೆ, ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ನಿಲ್ಲುವ ಗಡಿಯಾರ ಅಥವಾ ಮೊಬೈಲು, ಸ್ಕೇಲು, ಮುಚ್ಚಳವಿರುವ ಡಬ್ಬಿಗಳು, ನೀರಿನ ಕ್ಯಾನು. ಬೇರೆಯವರ ಹೊಲಕ್ಕೆ ಹೋಗುವ ಮೊದಲು ಯಜಮಾನರನ್ನು ಕೇಳಿ ಒಪ್ಪಿಗೆ ಪಡೆಯಿರಿ. ‘ಯಜಮಾನ್ರೇ, ಮಣ್ಣು ಎಷ್ಟು ನೀರು ಕುಡಿಯುತ್ತೆ ಅಂತ ನೋಡ್ತೀವಿ’ ಎಂದು ಮಕ್ಕಳೇ ಹೇಳಿದರೆ ಬೇಡ ಅನ್ನುವವರು ಕಡಿಮೆ. ಹೊಲಕ್ಕೆ ಯಾವ ವರ್ಷ ಕೆರೆಗೋಡು (ಕೆರೆಯ ಹೂಳುಮಣ್ಣು) ಹೊಡೆದರು, ಎಷ್ಟು ಸಲ ಟ್ರ್ಯಾಕ್ಟರ್ ಓಡಾಡಿದೆ, ಹಿಂದಿನ ಬೆಳೆ ಏನು ಎಂಬುದೆಲ್ಲ ಆ ಮಾತಿನಲ್ಲೇ ಸಿಗುತ್ತದೆ. ಅದನ್ನೂ ಬರೆದಿಟ್ಟುಕೊಳ್ಳಬೇಕು.

ಎಲ್ಲಿ ಅಳೆಯಬೇಕು ಎಂಬುದನ್ನು ಕಣ್ಣಿಗೆ ಬಿಟ್ಟರೆ ಮಕ್ಕಳು ಮೆತ್ತಗಿನ ಜಾಗವನ್ನೇ ಆರಿಸುತ್ತಾರೆ, ಬಳೆ ಸುಲಭವಾಗಿ ಇಳಿಯುತ್ತದಲ್ಲ! ಹಾಗಾಗದಂತೆ ಪ್ರತಿ ಜಾಗವನ್ನೂ ಹೆಜ್ಜೆ ಅಳತೆಯಲ್ಲಿ 25 ಚೌಕಗಳಾಗಿ ಭಾಗಿಸಿ, 1ರಿಂದ 25ರವರೆಗೆ ಚೀಟಿ ಬರೆದು ಐದನ್ನು ಎತ್ತಿಸಿ. ಚೀಟಿಯಲ್ಲಿ ಬಂದ ಚೌಕದ ನಡುವೆಯೇ ಅಳತೆ. ಕಲ್ಲು ಸಿಕ್ಕಿ ಬಳೆ ಇಳಿಯದಿದ್ದರೆ ಒಂದು ಹೆಜ್ಜೆ ಬಲಕ್ಕೆ ಎಂದು ಮೊದಲೇ ನಿಯಮ ಮಾಡಿಕೊಂಡು ಬರೆದಿಟ್ಟಿರಬೇಕು. ತೀರ್ಪುಗಾರರು ಈ ಚೀಟಿಯ ವಿಚಾರ ಕೇಳಿದಾಗ ನಿಜಕ್ಕೂ ಖುಷಿ ಪಡುತ್ತಾರೆ, ಯಾಕೆಂದರೆ ಬಹಳ ತಂಡಗಳು ‘ಅಲ್ಲಲ್ಲಿ ತೆಗೆದುಕೊಂಡೆವು ಸರ್’ ಅನ್ನುತ್ತವೆ.

ಈಗ ಅಳತೆ. ಮೇಲಿನ ಕಸಕಡ್ಡಿಯನ್ನು ಕೈಯಿಂದ ಸರಿಸಿ, ಹುಲ್ಲಿದ್ದರೆ ಕತ್ತರಿಯಿಂದ ಕತ್ತರಿಸಿ. ಕೀಳಬಾರದು, ಕಿತ್ತರೆ ಬೇರಿನ ಜಾಗದಲ್ಲಿ ತೂತು ಉಳಿದು ನೀರು ಅಲ್ಲಿಂದ ಸರ್ರನೆ ಇಳಿಯುತ್ತದೆ. ಬಳೆಯನ್ನಿಟ್ಟು ಹಲಗೆಯ ಮೇಲೆ ಸುತ್ತಿಗೆಯಿಂದ ಬಡಿಯುತ್ತ ಗೆರೆಯವರೆಗೆ ನೇರವಾಗಿ ಇಳಿಸಿ. ಓರೆಯಾಗಿ ಇಳಿದದ್ದನ್ನು ಅಲ್ಲಾಡಿಸಿ ಸರಿಮಾಡಲು ಹೋದರೆ ಬಳೆಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಅಂಥದ್ದನ್ನು ಕಿತ್ತು ಪಕ್ಕದಲ್ಲಿ ಹೊಸದಾಗಿ ಹಾಕುವುದೇ ಲೇಸು. ಒಳಸುತ್ತಿನ ಮಣ್ಣನ್ನು ಬೆರಳತುದಿಯಿಂದ ಮೆಲ್ಲಗೆ ಒತ್ತಿ ಸಂದು ಮುಚ್ಚಿ, ನಡುವಿನ ಮಣ್ಣನ್ನು ಮುಟ್ಟಬೇಡಿ.

ಪ್ಲಾಸ್ಟಿಕ್ ಹಾಳೆಯನ್ನು ಬಳೆಯೊಳಗೆ ಹಾಸಿ ಅದರ ಮೇಲೆ ನೀರು ಸುರಿಯಿರಿ. ಹಾಳೆ ಇಲ್ಲದೆ ನೇರ ಸುರಿದರೆ ನೀರಿನ ಪೆಟ್ಟಿಗೆ ಮೇಲ್ಮಣ್ಣು ಕದಡಿ, ನುಣ್ಣನೆಯ ಕಣಗಳು ರಂಧ್ರ ಮುಚ್ಚಿಕೊಂಡು ಅಳತೆ ಕೆಡುತ್ತದೆ. ಒಬ್ಬರು ಹಾಳೆಯನ್ನು ಒಂದು ಮೂಲೆಯಿಂದ ನಿಧಾನಕ್ಕೆ ಎಳೆದು ತೆಗೆಯುತ್ತಾರೆ, ಹಾಳೆ ಪೂರ್ತಿ ಹೊರಬಂದ ಕ್ಷಣಕ್ಕೆ ಇನ್ನೊಬ್ಬರು ಗಡಿಯಾರ ಒತ್ತುತ್ತಾರೆ. ಆಮೇಲೆ ಕಾಯುವುದು. ನೀರು ಇಳಿಯುತ್ತ ಇಳಿಯುತ್ತ ಮೊದಲು ಮಣ್ಣಿನ ದಿಬ್ಬಗಳು ತಲೆ ಹೊರಹಾಕುತ್ತವೆ, ನಡುನಡುವೆ ಸಣ್ಣ ಕೊಳಗಳು ಉಳಿಯುತ್ತವೆ, ಅವೂ ಕುಗ್ಗುತ್ತವೆ, ಕೊನೆಗೆ ನಿಂತ ನೀರು ಇಲ್ಲ, ಆದರೆ ಮಣ್ಣಿನ ಮೈ ಮಾತ್ರ ಹೊಳೆಯುತ್ತಿರುತ್ತದೆ. ಆ ಹೊಳಪಿನ ಕ್ಷಣಕ್ಕೆ ಗಡಿಯಾರ ನಿಲ್ಲಿಸಬೇಕು. ಹೊಳಪು ಆರುವ ತನಕ ಕಾದವರಿಗೂ ಕೊಳಗಳಿರುವಾಗಲೇ ನಿಲ್ಲಿಸಿದವರಿಗೂ ನಿಮಿಷಗಟ್ಟಲೆ ವ್ಯತ್ಯಾಸ ಬರುತ್ತದೆ. ಆದ್ದರಿಂದ ಎಲ್ಲ ಜಾಗದಲ್ಲೂ ‘ನಿಲ್ಲಿಸು’ ಅನ್ನುವವರು ಒಬ್ಬರೇ ಇರಲಿ. ನೆಲ ಏರುಪೇರಾಗಿದ್ದರೆ ಅರ್ಧ ಮಣ್ಣು ಕಂಡಾಗ ನಿಲ್ಲಿಸುವುದು ಎಂಬ ನಿಯಮ ಇಟ್ಟುಕೊಳ್ಳಬಹುದು. ಯಾವುದೇ ನಿಯಮವಾಗಲಿ, ಕೊನೆಯವರೆಗೂ ಅದೇ ಇರಬೇಕು.

ಅದೇ ಬಳೆಯಲ್ಲಿ, ಅದೇ ಪ್ರಮಾಣದ ನೀರನ್ನು ತಕ್ಷಣ ಎರಡನೇ ಸಲ ಸುರಿದು ಅಳೆಯಿರಿ. ವರದಿಗೆ ಮುಖ್ಯವಾಗಿ ಬೇಕಾದದ್ದು ಈ ಎರಡನೇ ಓದು, ಅಂದರೆ ಎರಡನೇ ಸಲ ಸಿಕ್ಕ ಅಳತೆ. ಒಣಗಿದ ಮಣ್ಣು ತನ್ನ ಸಣ್ಣ ರಂಧ್ರಗಳಿಂದ ಮೊದಲ ನೀರನ್ನು ಹೀರಿಕೊಳ್ಳುತ್ತದೆ. ಆಗ ಸಿಗುವ ವೇಗದಲ್ಲಿ ಮಣ್ಣು ಎಷ್ಟು ಒಣಗಿತ್ತು ಎಂಬುದೂ ಬೆರೆತಿರುತ್ತದೆ. ಒಮ್ಮೆ ನೆಂದ ಮೇಲೆ ನಾಲ್ಕೂ ಜಾಗಗಳನ್ನು ಹೋಲಿಸುವುದು ಹೆಚ್ಚು ನ್ಯಾಯ. ಕೆಲವು ಕಡೆ ಇದು ಉಲ್ಟಾ ಆಗುವುದೂ ಉಂಟು. ಮರದಡಿಯ ಒಣ ಎಲೆಗೊಬ್ಬರದ ಮೇಲೆ ಮೊದಲ ನೀರು ಗುಂಡಗೆ ಮಣಿ ಕಟ್ಟಿ ನಿಂತು, ಎರಡನೇ ನೀರು ಬೇಗ ಇಂಗುತ್ತದೆ. ಅಳತೆ ತಪ್ಪಿತೆಂದು ಮಕ್ಕಳು ಅದನ್ನು ಹೊಡೆದುಹಾಕಲು ನೋಡುತ್ತಾರೆ. ತಪ್ಪಲ್ಲ, ಕೊಳೆಯುತ್ತಿರುವ ಎಲೆಗಳ ಮೇಣದಂಥ ಅಂಶ ಮಣ್ಣಿನ ಕಣಗಳಿಗೆ ಮೆತ್ತಿಕೊಂಡು ಒಣಗಿದಾಗ ನೀರನ್ನು ದೂರ ತಳ್ಳುತ್ತದೆ. ಇಂಥದ್ದು ಸಿಕ್ಕಿದರೆ ಪ್ರಾಜೆಕ್ಟಿನ ತೂಕವೇ ಹೆಚ್ಚುತ್ತದೆ.

ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಈ ಪ್ರಯೋಗ ಮಾಡುವವರಿಗೆ ಬೇರೆ ತೊಂದರೆ. ಬೇಸಿಗೆಯಲ್ಲಿ ಬಿರಿದ ಎರೆಯಲ್ಲಿ ಬಳೆಯೊಳಗೆ ಒಂದು ಬಿರುಕು ಸಿಕ್ಕರೆ ಸಾಕು, ನೀರು ಕ್ಷಣದಲ್ಲಿ ಮಾಯ. ಮಳೆ ಬಿದ್ದು ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ ಅದೇ ಜಾಗದಲ್ಲಿ ನೀರು ಇಳಿಯುವುದೇ ಇಲ್ಲ. ಅಂಥ ಕಡೆ ಎರಡು ಗಂಟೆ ಕಾದರೂ ಮುಗಿಯದಿದ್ದರೆ ಸ್ಕೇಲಿನಿಂದ ಉಳಿದ ನೀರಿನ ಎತ್ತರ ಅಳೆದು, ಇಳಿದದ್ದೆಷ್ಟು ಎಂದು ಲೆಕ್ಕ ಹಾಕಿ. ಮಲೆನಾಡಿನವರ ಕಷ್ಟ ಇನ್ನೊಂದು. ಜುಲೈ, ಆಗಸ್ಟಿನಲ್ಲಿ ಮಣ್ಣು ತುಂಬಿ ತುಳುಕುತ್ತಿರುತ್ತದೆ, ಆಗ ಅಳೆದರೆ ಎಲ್ಲ ಜಾಗವೂ ಒಂದೇ ಥರ ಕಾಣುತ್ತದೆ. ಜಿಲ್ಲಾ ಸಮಾವೇಶ ಸಾಮಾನ್ಯವಾಗಿ ಅಕ್ಟೋಬರ್, ನವೆಂಬರ್ ಸುಮಾರಿಗೆ ಇರುವುದರಿಂದ ಮಲೆನಾಡಿನ ತಂಡಗಳು ಮಳೆಗಾಲದಲ್ಲಿ ಜಾಗ ಗುರುತಿಸುವುದು, ಮಣ್ಣಿನ ಜಾಡಿ ಪರೀಕ್ಷೆ (ಅದರ ವಿವರ ಮುಂದಿದೆ), ಊರವರ ಮಾತು ಸಂಗ್ರಹ ಮುಗಿಸಿಕೊಂಡು ಸೆಪ್ಟೆಂಬರಿನ ಹೊಳವಿಗೆ ಬಳೆ ಹೊರತೆಗೆಯುವುದು ಒಳ್ಳೆಯದು. ಬಯಲುಸೀಮೆಯಲ್ಲಿ ಆಗಸ್ಟಿನಲ್ಲೇ ಶುರು ಮಾಡಬಹುದು. ಎಲ್ಲಿದ್ದರೂ ನಾಲ್ಕು ಜಾಗಗಳ ಅಳತೆಯ ನಡುವೆ ಮಳೆ ಬರಬಾರದು. ಬಂದರೆ ನಾಲ್ಕನ್ನೂ ಮತ್ತೆ ಮೊದಲಿನಿಂದ ಅಳೆಯಬೇಕು, ಮೂರನ್ನು ಉಳಿಸಿಕೊಂಡು ಒಂದನ್ನು ಸೇರಿಸುವಂತಿಲ್ಲ.

ಇಂಗುವ ವೇಗದ ಜತೆಗೆ ಮಣ್ಣಿನ ತೇವಾಂಶ, ಗಟ್ಟಿತನ ಮತ್ತು ಕಣಗಳ ಪ್ರಮಾಣ ಗೊತ್ತಿದ್ದರೆ ‘ಯಾಕೆ’ ಎಂಬುದಕ್ಕೆ ಉತ್ತರ ಕಟ್ಟಬಹುದು. ಪ್ರತಿ ಬಳೆಯ ಪಕ್ಕದಿಂದ, ನೀರು ಸುರಿಯುವ ಮೊದಲೇ, ಮಣ್ಣು ತೆಗೆದು ಡಬ್ಬಿಯಲ್ಲಿ ಮುಚ್ಚಿ ಅಂದೇ ತೂಗಿ. ನಂತರ ಓವನ್‌ನಲ್ಲಿ 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಿ. ಶಾಲೆಯಲ್ಲಿ ಓವನ್ ಇಲ್ಲದಿದ್ದರೆ ಹತ್ತಿರದ ಕಾಲೇಜು ಅಥವಾ ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಕೇಳಿ ನೋಡಿ. ಮಕ್ಕಳು ಕೈಯಲ್ಲಿ ಡಬ್ಬಿ ಹಿಡಿದು ಬಂದು ನಿಂತರೆ ಇಲ್ಲ ಅನ್ನುವುದು ಕಷ್ಟ. 50 ಗ್ರಾಂ ಹಸಿ ಮಣ್ಣು ಒಣಗಿ 43 ಗ್ರಾಂ ಆದರೆ ಹೋದ ನೀರು 7 ಗ್ರಾಂ. ಇದನ್ನು ಒಣ ಮಣ್ಣಿನ ತೂಕ 43ರಿಂದ ಭಾಗಿಸಬೇಕು, ಆಗ ಶೇಕಡ 16.3 ಬರುತ್ತದೆ. 50ರಿಂದ ಭಾಗಿಸಿ 14 ಎಂದು ಬರೆದ ವರದಿಗಳೇ ಜಾಸ್ತಿ. ತಕ್ಕಡಿಯ ವಿಷಯವೂ ಇದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಮಾನ್ಯವಾಗಿ ಒಂದು ಗ್ರಾಂಗಿಂತ ಸಣ್ಣದನ್ನು ತೋರಿಸುವುದಿಲ್ಲ. 7 ಗ್ರಾಂ ವ್ಯತ್ಯಾಸದಲ್ಲಿ ಒಂದು ಗ್ರಾಂ ಆಚೀಚೆ ಆದರೆ ಏಳನೇ ಒಂದು ಪಾಲು ತಪ್ಪು. ಅದೇ ತಕ್ಕಡಿ ಬಳಸಲೇಬೇಕಾದರೆ 200 ಗ್ರಾಂ ಮಣ್ಣು ತೆಗೆದುಕೊಳ್ಳಿ, ಇಲ್ಲವೇ 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ತನ್ನಿ.

ಗಟ್ಟಿತನಕ್ಕೆ ಎರಡೂ ತುದಿ ತೆರೆದ ಒಂದು ಲೋಹದ ಕೊಳವೆ ಸಾಕು. ಒಳವ್ಯಾಸ 5, ಎತ್ತರ 5 ಸೆಂಟಿಮೀಟರ್ ಇದ್ದರೆ ಒಳಗೆ ಹಿಡಿಯುವುದು 98 ಘನ ಸೆಂಟಿಮೀಟರ್. ಮಣ್ಣಿಗೆ ಇಳಿಸಿ, ಸುತ್ತ ಅಗೆದು ಎತ್ತಿ, ಎರಡೂ ಕಡೆ ಚಾಕುವಿನಿಂದ ಸಮ ಮಾಡಿ, ಒಳಗಿನ ಮಣ್ಣನ್ನು ಒಣಗಿಸಿ ತೂಗಿ. 147 ಗ್ರಾಂ ಬಂದರೆ ಘನ ಸೆಂಟಿಮೀಟರಿಗೆ 1.5 ಗ್ರಾಂ. ಅಂಕಿ ಹೆಚ್ಚಾದಷ್ಟೂ ಮಣ್ಣಿನಲ್ಲಿ ರಂಧ್ರ ಕಡಿಮೆ ಎಂದರ್ಥ. ಮೈದಾನಕ್ಕೂ ಮರದಡಿಗೂ ಇರುವ ವ್ಯತ್ಯಾಸ ಈ ಒಂದು ಅಂಕಿಯಲ್ಲಿ ಕಾಣಬೇಕು. ಕಾಣದಿದ್ದರೆ ಮೊದಲ ಊಹೆಯನ್ನೇ ಮತ್ತೆ ಯೋಚಿಸಬೇಕು.

ಜಾಡಿ ಪರೀಕ್ಷೆ ಸುಲಭ. ನೇರ ಗೋಡೆಯ ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ಜರಡಿ ಹಿಡಿದ ಮಣ್ಣು, ಉಳಿದದ್ದಕ್ಕೆ ನೀರು, ಒಂದು ಚಿಟಿಕೆ ಬಟ್ಟೆ ತೊಳೆಯುವ ಪುಡಿ. ಚೆನ್ನಾಗಿ ಕುಲುಕಿ ಇಟ್ಟರೆ ಸುಮಾರು ಒಂದು ನಿಮಿಷಕ್ಕೆ ಮರಳು, ಎರಡು ಗಂಟೆಗೆ ರೇವೆ (ಮರಳಿಗಿಂತ ನುಣ್ಣನೆಯ ಕಣ), ಒಂದೆರಡು ದಿನಕ್ಕೆ ಎಲ್ಲಕ್ಕಿಂತ ನುಣ್ಣನೆಯ ಜೇಡಿ ಕೂರುತ್ತದೆ. ಆಯಾ ಹೊತ್ತಿಗೆ ಪದರಿನ ಎತ್ತರ ಗುರುತು ಮಾಡಬೇಕು. ಕುತ್ತಿಗೆ ಕಿರಿದಾದ, ಹೊಟ್ಟೆ ಉಬ್ಬಿದ ಬಾಟಲಿ ಬೇಡ, ಪದರಿನ ಎತ್ತರ ಪ್ರಮಾಣವನ್ನು ಸರಿಯಾಗಿ ತೋರಿಸುವುದಿಲ್ಲ.

ಬರೆದಿಡುವ ಪುಸ್ತಕದ ಬಗ್ಗೆ ಸ್ವಲ್ಪ ಹಟವೇ ಬೇಕು. ದಿನಾಂಕ, ಹೊತ್ತು, ಬಿಸಿಲೋ ಮೋಡವೋ, ಹಿಂದಿನ ಮಳೆ ಯಾವಾಗ, ಯಾರು ಅಳೆದರು, ಯಾರು ಬರೆದರು ಎಲ್ಲವೂ ಪೆನ್ನಿನಲ್ಲಿ, ಅಲ್ಲೇ ಹೊಲದಲ್ಲೇ ದಾಖಲಾಗಬೇಕು. ತಪ್ಪಿದ್ದನ್ನು ಒಂದು ಗೆರೆ ಎಳೆದು ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು, ವೈಟ್ನರ್ ಹಚ್ಚಬಾರದು. ಮಣ್ಣು ಮೆತ್ತಿದ, ಮಳೆಹನಿಗೆ ಮಸಿ ಹರಡಿದ ಪುಸ್ತಕವನ್ನು ಕೆಲವರು ಸಮಾವೇಶಕ್ಕೆ ಮುನ್ನ ‘ನೀಟಾಗಿ’ ಹೊಸ ಪುಸ್ತಕಕ್ಕೆ ನಕಲು ಮಾಡಿಸುತ್ತಾರೆ. ದಯವಿಟ್ಟು ಬೇಡ. ಅನುಭವಿ ತೀರ್ಪುಗಾರರು ಮೊದಲು ಕೈಗೆತ್ತಿಕೊಳ್ಳುವುದೇ ಈ ಪುಸ್ತಕವನ್ನು. ಎಲ್ಲ ಪುಟದಲ್ಲೂ ಒಂದೇ ಪೆನ್ನು, ಒಂದೇ ಅಕ್ಷರ ಕಂಡರೆ ಅವರಿಗೆ ಅನುಮಾನ ಬರುವುದು ಸಹಜ.

ಐದು ಓದುಗಳಲ್ಲಿ ಒಂದು ದೂರ ಹಾರಿದ್ದರೆ ಏನು ಮಾಡಬೇಕು ಎಂಬುದು ಪ್ರತಿ ತಂಡಕ್ಕೂ ಎದುರಾಗುವ ಪ್ರಶ್ನೆ. ಉದಾಹರಣೆಗೆ ಮರದಡಿಯ ಓದು 6, 7, 7, 9, 41 ನಿಮಿಷ ಬಂತೆನ್ನಿ. ಸರಾಸರಿ 14 ನಿಮಿಷ. ಆದರೆ ಐದರಲ್ಲಿ ನಾಲ್ಕು ಕಡೆ ನೀರು 9 ನಿಮಿಷದೊಳಗೇ ಇಂಗಿದೆ, ಹಾಗಾಗಿ 14 ಎಂಬುದು ಯಾವ ಜಾಗವನ್ನೂ ಹೇಳುತ್ತಿಲ್ಲ. ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ, 7. ಅದೇ ನಿಜಕ್ಕೆ ಹತ್ತಿರ. 41ನ್ನು ಅಳಿಸುವಂತಿಲ್ಲ. ಆ ಬಳೆಯ ಜಾಗಕ್ಕೆ ವಾಪಸು ಹೋಗಿ ಅಗೆದು ನೋಡಿ: ಅಡಿಯಲ್ಲಿ ಚಪ್ಪಡಿ ಇರಬಹುದು, ಅಲ್ಲೊಂದು ಕಾಲುದಾರಿ ಹಾದಿರಬಹುದು. ತೀರಾ ಬೇಗ ಇಂಗಿದ್ದರೆ ಇರುವೆ ಗೂಡೋ, ಗೆದ್ದಲಿನ ದಾರಿಯೋ, ಬಳೆಯ ಅಂಚಿನ ಸೋರಿಕೆಯೋ ಇದ್ದೀತು. ಕಂಡದ್ದನ್ನು ಬರೆದು, ಐದೂ ಅಂಕಿಗಳನ್ನು ಕೋಷ್ಟಕದಲ್ಲಿ ಹಾಗೇ ಇಟ್ಟು, ಹೋಲಿಕೆಗೆ ಮಧ್ಯಾಂಕ ಬಳಸಿ. ಹತ್ತನೇ ತರಗತಿಯ ಗಣಿತದಲ್ಲಿ ಯಾಂತ್ರಿಕವಾಗಿ ಮಾಡುವ ಮಧ್ಯಾಂಕ ಯಾಕಿದೆ ಎಂದು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತಿಳಿಸುವ ದಾರಿ ನಮಗೆ ಗೊತ್ತಿಲ್ಲ.

ನಿಮಿಷವನ್ನು ದರಕ್ಕೆ ತಿರುಗಿಸಲು 25ನ್ನು 60ರಿಂದ ಗುಣಿಸಿ ನಿಮಿಷದಿಂದ ಭಾಗಿಸಿ. 7 ನಿಮಿಷಕ್ಕೆ ಗಂಟೆಗೆ ಸುಮಾರು 214 ಮಿಲಿಮೀಟರ್. ಇಲ್ಲಿ ಒಂದು ಎಚ್ಚರ. ಒಂಟಿ ಬಳೆಯಲ್ಲಿ ನೀರು ಕೆಳಗಿಳಿದ ಮೇಲೆ ಪಕ್ಕಕ್ಕೂ ಹರಡುತ್ತದೆ, ಹಾಗಾಗಿ ಅಂಕಿ ನಿಜಕ್ಕಿಂತ ಹೆಚ್ಚೇ ಬರುತ್ತದೆ. ಅದನ್ನು ತಡೆಯಲೆಂದೇ ಮಣ್ಣು ವಿಜ್ಞಾನಿಗಳು ಒಂದರೊಳಗೊಂದು ಎರಡು ಬಳೆ ಇಟ್ಟು, ಹೊರಬಳೆಯಲ್ಲೂ ನೀರು ತುಂಬಿಸಿ, ದರ ಸ್ಥಿರವಾಗುವ ತನಕ ಕಾಯುತ್ತಾರೆ. ಆ ವಿಧಾನದಲ್ಲಿ ಜೇಡಿಮಣ್ಣಿಗೆ ಗಂಟೆಗೆ 1ರಿಂದ 5 ಮಿಲಿಮೀಟರ್, ಮರಳಿಗೆ 30ಕ್ಕಿಂತ ಹೆಚ್ಚು ಎಂಬ ಅಂಕಿಗಳು ಪಠ್ಯಗಳಲ್ಲಿ ಸಿಗುತ್ತವೆ. ಮಕ್ಕಳ ಅಂಕಿ ಅವುಗಳಿಗೆ ಹೊಂದಲಿಲ್ಲವೆಂದು ತಿದ್ದಬೇಡಿ. ‘ಇದು ನಾಲ್ಕು ಜಾಗಗಳ ನಡುವಿನ ಹೋಲಿಕೆಗೆ ಮಾತ್ರ’ ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆದರೆ ಅದು ದೋಷವಲ್ಲ, ತಿಳಿವಳಿಕೆ.

ಆದರೂ ಈ ಅಂಕಿಯಿಂದ ಊರಿಗೆ ಹೇಳಬಹುದಾದ ಒಂದು ಮಾತಿದೆ. ಮೈದಾನದಲ್ಲಿ ಗಂಟೆಗೆ 12 ಮಿಲಿಮೀಟರ್ ಮಾತ್ರ ಇಂಗುತ್ತದೆ, ಒಂದು ಗಂಟೆಯಲ್ಲಿ 40 ಮಿಲಿಮೀಟರ್ ಮಳೆ ಬಂತು ಎಂದುಕೊಳ್ಳಿ. ಉಳಿದ 28 ಮಿಲಿಮೀಟರ್ ನಿಲ್ಲಬೇಕು ಇಲ್ಲವೇ ಹರಿಯಬೇಕು. 50 ಮೀಟರ್ ಉದ್ದ, 40 ಮೀಟರ್ ಅಗಲದ ಮೈದಾನಕ್ಕೆ ಅದು 56,000 ಲೀಟರ್. ಒಂಟಿ ಬಳೆಯ ದರ ಹೆಚ್ಚೇ ತೋರಿಸುವುದರಿಂದ ನಿಜವಾಗಿ ಉಳಿಯುವ ನೀರು ಇದಕ್ಕಿಂತ ಕಡಿಮೆ ಇರಲಾರದು. ಮೈದಾನದ ಇಳಿಜಾರಿನ ಅಂಚಿಗೆ ಇಂಗುಗುಂಡಿ ಎಷ್ಟು ದೊಡ್ಡದಿರಬೇಕು ಎಂದು ಶಾಲಾಭಿವೃದ್ಧಿ ಸಮಿತಿಗೆ ಹೇಳಲು ಮಕ್ಕಳ ಕೈಯಲ್ಲಿ ಈಗ ಒಂದು ಲೆಕ್ಕವಿದೆ. ‘ನೀರು ಉಳಿಸಿ’ ಎಂಬ ಘೋಷಣೆಗಿಂತ ಇದು ಮುಂದಿನ ಮಾತು.

ವರದಿಗೆ ಪದಮಿತಿ ಇದೆ. ಕಿರಿಯರಿಗೆ 2500, ಹಿರಿಯರಿಗೆ 3500. ಜಿಲ್ಲೆ, ರಾಜ್ಯ ಹಂತದಲ್ಲಿ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಮಂಡಿಸಬಹುದು. ಅಂತರ್ಜಾಲದಿಂದ ಎತ್ತಿದ ‘ಮಣ್ಣಿನ ಮಹತ್ವ’ದ ನಾಲ್ಕು ಪುಟಗಳನ್ನು ಮೊದಲು ತೆಗೆಯಿರಿ, ಮಕ್ಕಳ ಸ್ವಂತ ಅಳತೆಗೆ ಜಾಗ ಸಿಗುತ್ತದೆ. ಸಹಾಯ ಮಾಡಿದವರ ಹೆಸರನ್ನೂ ಮಾಡಿದ ಸಹಾಯವನ್ನೂ ಬರೆಯಿರಿ. ಓವನ್ ಕೊಟ್ಟವರು, ಹೊಲ ಬಿಟ್ಟುಕೊಟ್ಟವರು, ಬಳೆ ಕತ್ತರಿಸಿಕೊಟ್ಟವರು ಎಲ್ಲರೂ ಅಲ್ಲಿರಲಿ. ಶಿಕ್ಷಕರೇ ವರದಿ ಬರೆದುಕೊಟ್ಟರೆ ಮಕ್ಕಳಿಗೆ ಆಗುವ ಅನ್ಯಾಯ ತೀರ್ಪಿನ ಕೋಣೆಯಲ್ಲಿ ಎದ್ದು ಕಾಣುತ್ತದೆ. ತಮ್ಮದಲ್ಲದ ವಾಕ್ಯವನ್ನು ಹೇಳುವಾಗ ಮಗು ಮೇಲೆ ನೋಡಿ ನೆನಪಿಸಿಕೊಳ್ಳುತ್ತದೆ, ತಾನು ಅಳೆದದ್ದನ್ನು ಹೇಳುವಾಗ ಕೈ ಆಡಿಸುತ್ತದೆ.

ಪೋಸ್ಟರುಗಳು ನಾಲ್ಕು, ಸುಮಾರು 55 ಸೆಂಟಿಮೀಟರ್ ಅಗಲ, 70 ಸೆಂಟಿಮೀಟರ್ ಎತ್ತರ. ಒಂದರಲ್ಲಿ ಪ್ರಶ್ನೆ ಮತ್ತು ಊರಿನ ನಕ್ಷೆ, ಒಂದರಲ್ಲಿ ಬಳೆಯ ಚಿತ್ರ ಹಾಗೂ ವಿಧಾನ, ಒಂದರಲ್ಲಿ ಕೋಷ್ಟಕ ಮತ್ತು ಗ್ರಾಫ್, ಒಂದರಲ್ಲಿ ತೀರ್ಮಾನ ಮತ್ತು ಮುಂದಿನ ಕೆಲಸ. ನಾಲ್ಕು ಜಾಗಗಳನ್ನು ಸ್ತಂಭಗಳಲ್ಲಿ ತೋರಿಸಿ. ಅವುಗಳ ತಲೆಗಳನ್ನು ಗೆರೆಯಿಂದ ಜೋಡಿಸಬೇಡಿ, ಮೈದಾನಕ್ಕೂ ಮರದಡಿಗೂ ನಡುವೆ ಏರಿಕೆ ಇಳಿಕೆ ಎಂಬುದೇನೂ ಇಲ್ಲ. ಪ್ರತಿ ಸ್ತಂಭದ ಮೇಲೆ ಐದು ಓದುಗಳನ್ನೂ ಚುಕ್ಕಿಗಳಾಗಿ ಹಾಕಿದರೆ ಅಂಕಿಗಳ ಹರವು ಒಂದೇ ನೋಟಕ್ಕೆ ಸಿಗುತ್ತದೆ. ಮುದ್ರಿತ ಫ್ಲೆಕ್ಸ್‌ಗೆ ದುಡ್ಡು ಸುರಿಯಬೇಕಿಲ್ಲ, ಡ್ರಾಯಿಂಗ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದದ್ದು ಧಾರಾಳವಾಗಿ ಸಾಕು.

ಮಂಡನೆಗೆ ಎಂಟು ನಿಮಿಷ, ಪ್ರಶ್ನೆಗೆ ಎರಡು. ಪೀಠಿಕೆಯಲ್ಲೇ ನಾಲ್ಕು ನಿಮಿಷ ಕಳೆದು ಫಲಿತಾಂಶಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸುವುದು ಪ್ರತಿ ಜಿಲ್ಲೆಯಲ್ಲೂ ಕಾಣುವ ದೃಶ್ಯ. ಪ್ರಶ್ನೆಗೆ ಒಂದು ನಿಮಿಷ, ವಿಧಾನಕ್ಕೆ ಎರಡೂವರೆ, ಫಲಿತಾಂಶಕ್ಕೆ ಮೂರು, ಮಿತಿ ಮತ್ತು ಮುಂದಿನ ಕೆಲಸಕ್ಕೆ ಒಂದೂವರೆ ಎಂದು ಹಂಚಿಕೊಂಡು ಅಭ್ಯಾಸ ಮಾಡಿಸಿ. ಬಾಯಿಪಾಠ ಬೇಡ. ಬೇರೆ ತರಗತಿಯ ಮಕ್ಕಳ ಮುಂದೆ ನಿಲ್ಲಿಸಿ ಅವರಿಂದಲೇ ಪ್ರಶ್ನೆ ಕೇಳಿಸಿ. ದೊಡ್ಡವರಿಗೆ ಹೊಳೆಯದ ಪ್ರಶ್ನೆಗಳು ಅಲ್ಲಿಂದ ಬರುತ್ತವೆ.

ತೀರ್ಪುಗಾರರ ಪ್ರಶ್ನೆಗಳ ಧಾಟಿ ಹೆಚ್ಚುಕಡಿಮೆ ಹೀಗಿರುತ್ತದೆ.

‘ಮರದಡಿ ನೀರು ಬೇಗ ಇಂಗಿತು ಅಂತೀಯಲ್ಲಮ್ಮ, ಅದು ಮರದಿಂದಲೇ ಅಂತ ಹೇಗೆ ಹೇಳ್ತೀಯ? ಅಲ್ಲಿ ಯಾರೂ ಓಡಾಡೋದಿಲ್ಲ ಅನ್ನೋದೂ ಕಾರಣ ಇರಬಹುದಲ್ಲ?’

‘ಹೌದು ಸರ್, ಅದಕ್ಕೇ ತಂತಿ ಬೇಲಿ ಒಳಗೆ ಮರ ಇಲ್ಲದ ಜಾಗದಲ್ಲೂ ಅಳೆದ್ವಿ. ಅಲ್ಲೂ ಯಾರೂ ಓಡಾಡಲ್ಲ. ಮೈದಾನಕ್ಕಿಂತ ಬೇಗ ಇಂಗ್ತು, ಮರದಡಿಗಿಂತ ನಿಧಾನ. ಎರಡೂ ಕಾರಣ ಇದೆ ಅನ್ಸುತ್ತೆ ಸರ್.’

ಈ ಉತ್ತರ ಸಾಧ್ಯವಾಗಬೇಕಾದರೆ ಬೇಲಿಯೊಳಗಿನ ಜಾಗವನ್ನು ಐದನೆಯದಾಗಿ ಸೇರಿಸುವ ಯೋಚನೆ ಜುಲೈನಲ್ಲೇ ಬಂದಿರಬೇಕು. ಒಂದು ಬಿಟ್ಟು ಮಿಕ್ಕದ್ದೆಲ್ಲ ಒಂದೇ ಇರುವ ಜೋಡಿ ಜಾಗ ಸಿಗುತ್ತದೆಯೇ ಎಂದು ಪ್ರಾಜೆಕ್ಟ್ ಶುರುವಾಗುವಾಗಲೇ ಹುಡುಕಿ. ಉತ್ತರ ಗೊತ್ತಿಲ್ಲದಾಗ ‘ಅದನ್ನು ಅಳೆದಿಲ್ಲ ಸರ್’ ಅನ್ನಲು ಮಕ್ಕಳಿಗೆ ಧೈರ್ಯ ತುಂಬಿ. ಹಾಗೆಂದು ಹೇಳಿದ ಮಗುವಿಗೆ ಅಂಕ ಕಡಿಮೆಯಾಗುವುದಿಲ್ಲ, ಊಹಿಸಿ ಹೇಳಿದರೆ ಮುಂದಿನ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತದೆ.

ಮಾಡೆಲ್ ಮಾಡುವುದರಲ್ಲೇ ಮನಸ್ಸಿರುವ ಮಕ್ಕಳನ್ನು ಇದಕ್ಕೆ ಎಳೆದು ತರಬೇಕಿಲ್ಲ. ಅವರಿಗೆ ಇನ್‌ಸ್ಪೈರ್ ಮಾನಕ್ ಎಂಬ ಕೇಂದ್ರ ಸರ್ಕಾರದ ಯೋಜನೆ ಇದೆ. ಅಲ್ಲಿ ಕೇಳುವುದು ದಿನಬಳಕೆಯ ತೊಂದರೆಗೆ ಹೊಸ ಉಪಾಯ. ಶಾಲೆಯಿಂದ ಐಡಿಯಾಗಳನ್ನು ಆನ್‌ಲೈನ್‌ನಲ್ಲಿ ಕಳಿಸಬೇಕು, ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ನೇರ ಮಗುವಿನ ಬ್ಯಾಂಕ್ ಖಾತೆಗೆ ಬರುತ್ತದೆ. ಶಾಲೆ ದಾಖಲೆ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆದದ್ದಕ್ಕೂ ಹಣ ನಿಂತುಹೋಗುವುದುಂಟು.

ಜಿಲ್ಲೆಯಿಂದ ರಾಜ್ಯಕ್ಕೆ ಆಯ್ಕೆಯಾದರೆ ನಡುವೆ ಸಿಗುವ ಕೆಲವು ವಾರಗಳನ್ನು ಪೋಸ್ಟರಿಗೆ ಬಣ್ಣ ಹಚ್ಚಲು ಕಳೆಯಬೇಡಿ. ತೀರ್ಪುಗಾರರು ಎತ್ತಿದ ಆಕ್ಷೇಪಗಳನ್ನು ಅಂದೇ ಸಂಜೆ ಮಕ್ಕಳಿಂದ ಬರೆಸಿ, ಅವುಗಳಲ್ಲಿ ಅಳೆದು ಉತ್ತರಿಸಬಹುದಾದ ಒಂದನ್ನು ಆರಿಸಿ ಮತ್ತೆ ಹೊಲಕ್ಕೆ ಹೋಗಿ. ಅಷ್ಟು ಹೊತ್ತಿಗೆ ರಾಗಿ ಕಟಾವಾಗಿರುತ್ತದೆ, ಉತ್ತ ಹೊಲದ ಮಣ್ಣು ಕೂತು ಗಟ್ಟಿಯಾಗಿರುತ್ತದೆ. ಅದೇ ಚೀಟಿಯ ಅದೇ ಚೌಕಗಳಲ್ಲಿ ಬಳೆ ಇಳಿಸಿದರೆ ಹೊಸ ಅಂಕಿಗಳು ಸಿಗುತ್ತವೆ. ಹಳೆಯ ಕೋಷ್ಟಕದ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು ಅವನ್ನು ತುಂಬಿಸಿ, ದಿನಾಂಕ ಹಾಕಿ ರಾಜ್ಯಕ್ಕೆ ಒಯ್ಯಿರಿ.